ವೆಂಟಿಲೇಟರ್‌ನಿಂದ ಬಂದ ಅಪ್ಪ ಲೆಕ್ಕ ಮರೆತಿದ್ದಾರೆ: ಸಹಿ ಹಾಕಿದ್ದು ತಪ್ಪಾಯಿತಾ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಚಿಕ್ಕಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ನಾಲ್ಕು ತಿಂಗಳ ಹಿಂದೆ ನ್ಯುಮೋನಿಯಾ ಆಗಿ ಐಸಿಯುನಲ್ಲಿ 11 ದಿನ ವೆಂಟಿಲೇಟರ್ ಮೇಲಿದ್ದರು. ಈಗ ಮನೆಯಲ್ಲಿದ್ದಾರೆ. ಓಡಾಡುತ್ತಾರೆ, ಊಟ ಮಾಡುತ್ತಾರೆ. ಆದರೆ ಮೊದಲಿನ ಅಪ್ಪ ಅಲ್ಲ. ಹಾಲಿನವನ ಲೆಕ್ಕ ತಪ್ಪುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆ. ಆಸ್ಪತ್ರೆಯಲ್ಲಿ ತಮ್ಮನ್ನು ಬಸ್ಸಿನ ಸೀಟಿಗೆ ಕಟ್ಟಿ ರಾತ್ರಿಯೆಲ್ಲ ಎಲ್ಲಿಗೋ ಕರೆದುಕೊಂಡು ಹೋದರು ಅಂತ ಈಗಲೂ ನಂಬಿದ್ದಾರೆ. ವೆಂಟಿಲೇಟರ್‌ಗೆ ಸಹಿ ಹಾಕಿದ್ದು ನಾನು. ‘ಮಷೀನು ಹಾಕಿಸಿ ಅಣ್ಣನ ತಲೆ ಕೆಡಿಸಿದೆ’ ಅಂತ ಚಿಕ್ಕಪ್ಪ ಅನ್ನುತ್ತಾರೆ. ವೆಂಟಿಲೇಟರ್ ನಿಜವಾಗಿಯೂ ಮೆದುಳಿಗೆ ಪೆಟ್ಟು ಕೊಡುತ್ತದಾ? ಇದು ಸರಿಹೋಗುತ್ತದಾ? ಮುಂದೆ ಮನೆಯಲ್ಲಿ ಯಾರಿಗಾದರೂ ಇಂಥ ಪರಿಸ್ಥಿತಿ ಬಂದರೆ ಬೇಡ ಅನ್ನಬೇಕಾ?
— ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಮೊದಲು ಸಹಿಯ ವಿಷಯ ಮುಗಿಸಿಬಿಡೋಣ. ನಿಮ್ಮ ತಂದೆಯವರ ಕೇಸ್ ಶೀಟ್ ನಾನು ನೋಡಿಲ್ಲ. ಆದರೆ ನ್ಯುಮೋನಿಯಾ ಆದವರ ಗಂಟಲಿಗೆ ಸುಮ್ನೆ ಟ್ಯೂಬ್ ಇಳಿಸುವುದಿಲ್ಲ. ಮೂಗಿನ ಆಕ್ಸಿಜನ್ ಸಾಲದೆ, ಮಾಸ್ಕ್ ಸಾಲದೆ, ಏದುಸಿರು ಬಿಟ್ಟು ಬಿಟ್ಟು ರೋಗಿ ಸೋತುಹೋದಾಗ ಆ ಸಹಿ ಕೇಳುತ್ತೇವೆ. ಆಗ ಉಳಿದಿರುವುದು ಗಂಟೆಗಳ ಲೆಕ್ಕ. ಅವತ್ತು ನೀವು ಸಹಿ ಹಾಕದಿದ್ದರೆ ಇವತ್ತು ಹಾಲಿನ ಲೆಕ್ಕ ತಪ್ಪುವುದಕ್ಕೆ ಅಪ್ಪ ಇರುತ್ತಿರಲಿಲ್ಲ. ಚಿಕ್ಕಪ್ಪನವರಿಗೆ ಈ ಸಾಲು ಓದಿ ಹೇಳಿ. ಡಾಕ್ಟರು ಬರೆದಿದ್ದಾರೆ ಅಂತಲೇ ಹೇಳಿ.

ಹಾಗಂತ ಚಿಕ್ಕಪ್ಪನ ಅನುಮಾನವನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಐಸಿಯುನಿಂದ ಬದುಕಿ ಬಂದವರ ಬುದ್ಧಿ ಮಂಕಾಗುವುದು ನಿಜ. ಬಹಳ ಕಾಲ ನಾವು ಡಾಕ್ಟರುಗಳೇ ಇದನ್ನು ಗಮನಿಸಲಿಲ್ಲ. ರೋಗಿ ವಾರ್ಡಿಗೆ ಹೋದರು, ಅಲ್ಲಿಂದ ಮನೆಗೆ ಹೋದರು, ನಮ್ಮ ಪಾಲಿಗೆ ಕಥೆ ಸುಖಾಂತ. ಆಮೇಲೆ ಅವರು ಗ್ಯಾಸ್ ಆರಿಸುವುದನ್ನು ಮರೆತಿದ್ದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಲಾಗದೆ ನಿಂತಿದ್ದು ಮನೆಯವರಿಗೆ ಮಾತ್ರ ಗೊತ್ತು.

ಇದನ್ನು ಎಣಿಸಿ ತೋರಿಸಿದವರು ಅಮೆರಿಕದ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡದವರು, 2013ರಲ್ಲಿ. ಉಸಿರಾಟ ಸೋತು ಅಥವಾ ಬಿಪಿ ಕುಸಿದು ಐಸಿಯು ಸೇರಿದ 821 ಜನರನ್ನು ಅವರು ಅಧ್ಯಯನಕ್ಕೆ ತೆಗೆದುಕೊಂಡರು. ಬದುಕಿ ಮನೆಗೆ ಹೋದವರನ್ನು ಹುಡುಕಿಕೊಂಡು ಹೋಗಿ ನೆನಪು, ಗಮನ ಎಲ್ಲ ಪರೀಕ್ಷೆ ಮಾಡಿದರು. ಮೂರು ತಿಂಗಳ ಹೊತ್ತಿಗೆ ಪರೀಕ್ಷೆಗೆ ಸಿಕ್ಕವರಲ್ಲಿ ಶೇ 40ರಷ್ಟು ಜನರ ಅಂಕ ತಲೆಗೆ ಮಧ್ಯಮ ಪೆಟ್ಟು ಬಿದ್ದವರ ಮಟ್ಟಕ್ಕೆ ಇಳಿದಿತ್ತು. ಶೇ 26ರಷ್ಟು ಜನರದ್ದು ಅಲ್ಜೈಮರ್ ಶುರುವಿನಲ್ಲಿರುವವರ ಮಟ್ಟದಲ್ಲಿತ್ತು. ವರ್ಷದ ನಂತರ ಈ ಸಂಖ್ಯೆಗಳು 34 ಮತ್ತು 24. ಅವರಿಗೆ ಅಲ್ಜೈಮರ್ ಬಂತು ಅಂತ ಇದರ ಅರ್ಥವಲ್ಲ, ಅಂಕ ಅಷ್ಟಿತ್ತು ಅಂತ ಮಾತ್ರ. ವಯಸ್ಸಾದವರಿಗೆ ಮಾತ್ರ ಹೀಗಾಯಿತು ಅಂತಲೂ ಅಲ್ಲ. ಹರೆಯದವರಲ್ಲೂ ಹೀಗೇ ಕಂಡುಬಂತು.

ಹಾಗಾದರೆ ಅದು ವೆಂಟಿಲೇಟರ್‌ನ ಕೆಲಸವಾ? ಇಲ್ಲಿ ಸ್ವಲ್ಪ ನಿಧಾನಿಸಬೇಕು. ವೆಂಟಿಲೇಟರ್ ಮೇಲಿರುವ ಮನುಷ್ಯನಿಗೆ ಅದೇ ಹೊತ್ತಿಗೆ ಸೋಂಕು ಇರುತ್ತದೆ, ಜ್ವರ ಇರುತ್ತದೆ. ಆಕ್ಸಿಜನ್ ಏರಿಳಿದಿರುತ್ತದೆ. ಬಿಪಿ ಬಿದ್ದಿರುತ್ತದೆ, ಶುಗರ್ ಹತೋಟಿ ತಪ್ಪಿರುತ್ತದೆ. ಮಂಪರಿನ ಔಷಧಿ ಹನಿಹನಿಯಾಗಿ ಹೋಗುತ್ತಿರುತ್ತದೆ. ನಿದ್ದೆ ಅನ್ನುವುದು ಇರುವುದೇ ಇಲ್ಲ. ವೆಂಟಿಲೇಟರ್ ಅಂದರೆ ಆ ಜಾತ್ರೆಯ ಮಧ್ಯೆ ನಿಂತಿರುವ ತೇರು. ಎಲ್ಲರ ಕಣ್ಣೂ ಅದರ ಮೇಲೆ. ಜೇಬು ಕತ್ತರಿಸುವವನು ಮಾತ್ರ ಬೇರೆಲ್ಲೋ ಇರುತ್ತಾನೆ.

ಆದರೂ ತೇರಿನ ಚಕ್ರದ ಕೆಳಗೂ ಒಮ್ಮೆ ನೋಡೋಣ. ನೀವು ಈ ಸಾಲು ಓದುವಾಗ ನಿಮ್ಮ ಎದೆಗೂ ಹೊಟ್ಟೆಗೂ ಮಧ್ಯೆ ಇರುವ ವಪೆ ಅನ್ನುವ ಸ್ನಾಯುವಿನ ಪರದೆ ಕೆಳಗೆ ಇಳಿಯುತ್ತದೆ. ಎದೆಯೊಳಗೆ ಜಾಗ ಆಗುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ. ಅಂದರೆ ನಾವು ಉಸಿರನ್ನು ಎಳೆದುಕೊಳ್ಳುತ್ತೇವೆ. ವೆಂಟಿಲೇಟರ್ ಮಾಡುವುದು ಇದರ ತಿರುಗುಮುರುಗು. ಅದು ಗಾಳಿಯನ್ನು ಒಳಕ್ಕೆ ಒತ್ತುತ್ತದೆ, ಸೈಕಲ್ ಟ್ಯೂಬಿಗೆ ಪಂಪ್ ಹೊಡೆದ ಹಾಗೆ.

ಹಳೆಯ ಕಾಲದಲ್ಲಿ ಎಳೆಯುವ ಯಂತ್ರವೂ ಇತ್ತು. ಪೋಲಿಯೊ ಆದವರನ್ನು ಕುತ್ತಿಗೆವರೆಗೆ ಒಂದು ಕಬ್ಬಿಣದ ಡಬ್ಬದಲ್ಲಿ ಮಲಗಿಸುತ್ತಿದ್ದರು. ಡಬ್ಬದೊಳಗಿನ ಗಾಳಿ ತೆಗೆದಾಗ ಎದೆ ಹಿಗ್ಗುತ್ತಿತ್ತು. ಅಮೆರಿಕದ ಟೆಕ್ಸಸ್‌ನ ಪಾಲ್ ಅಲೆಕ್ಸಾಂಡರ್ 1952ರಲ್ಲಿ ಆರು ವರ್ಷದ ಹುಡುಗನಾಗಿ ಅದರೊಳಗೆ ಹೋದವರು. 2024ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ನೆಚ್ಚಿಕೊಂಡಿದ್ದರು. ನಡುವೆ ಲಾ ಓದಿ ವಕೀಲಿಕೆ ಮಾಡಿದರು! ಯಂತ್ರದ ಉಸಿರು ಅಂದಾಕ್ಷಣ ಬುದ್ಧಿ ಹೋಯಿತು ಅಂತೇನಿಲ್ಲ. ಅದು ಬೇರೆ ಥರದ ಯಂತ್ರ ಅಂತ ನೀವು ಹೇಳಬಹುದು. ಸರಿ, ಒತ್ತುವ ವೆಂಟಿಲೇಟರನ್ನೇ ಮನೆಯಲ್ಲಿಟ್ಟುಕೊಂಡು, ಸ್ನಾಯುಗಳ ಕಾಯಿಲೆಯೊಂದಿಗೆ ವರ್ಷಗಟ್ಟಲೆ ಚುರುಕಾಗಿ ಬದುಕುತ್ತಿರುವವರೂ ಇದ್ದಾರೆ.

ಒತ್ತಿದ ಗಾಳಿಯಿಂದ ಎದೆಯೊಳಗೆ ಒತ್ತಡ ಏರುತ್ತದೆ. ತಲೆಯಿಂದ ಕೆಳಗಿಳಿಯುವ ರಕ್ತಕ್ಕೆ ಸ್ವಲ್ಪ ತಡೆಯಾಗುತ್ತದೆ. ಐಸಿಯುನಲ್ಲಿ ಮಂಚದ ತಲೆಭಾಗವನ್ನು 30 ಡಿಗ್ರಿ ಎತ್ತಿರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಸೂಕ್ಷ್ಮ ಕಾರ್ಬನ್ ಡೈಆಕ್ಸೈಡ್‌ನದು. ರಕ್ತದಲ್ಲಿ ಅದರ ಮಟ್ಟ 35ರಿಂದ 45ರ ಒಳಗಿರಬೇಕು. ಯಂತ್ರ ಜಾಸ್ತಿ ಜೋರಾಗಿ ಓಡಿ ಅದು ಇಳಿದರೆ ಮೆದುಳಿನ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಒಂದು ಅಂಕ ಇಳಿದರೆ ಮೆದುಳಿಗೆ ಹೋಗುವ ರಕ್ತ ಹೆಚ್ಚುಕಮ್ಮಿ ಶೇ 3-4ರಷ್ಟು ಕಡಿಮೆಯಾಗುತ್ತದೆ. ಏರಿದರೆ ನಾಳಗಳು ಹಿಗ್ಗುತ್ತವೆ. ‘ದಿನಕ್ಕೆ ಮೂರ್ನಾಲ್ಕು ಸಲ ಮಣಿಕಟ್ಟಿನಿಂದ ರಕ್ತ ತೆಗೀತಾರೆ, ಎಲ್ಲ ಬಿಲ್ ಮಾಡೋಕೆ’ ಅಂತ ಮನೆಯವರು ಗೊಣಗುವುದು ನಮ್ಮ ಕಿವಿಗೂ ಬೀಳುತ್ತದೆ. ಬಿಲ್ ಬಗ್ಗೆ ನಿಮಗಿರುವ ಸಿಟ್ಟು ಬೇರೆ ಮಾತು. ಆ ಎಬಿಜಿ ಟೆಸ್ಟ್, ಅಂದರೆ ರಕ್ತದಲ್ಲಿರುವ ಅನಿಲಗಳ ಪರೀಕ್ಷೆ, ಮಾಡುವುದು ಈ ಅಂಕ ನೋಡುವುದಕ್ಕೂ ಹೌದು.

ಇನ್ನು ಶ್ವಾಸಕೋಶಕ್ಕೇ ಆಗುವ ನೋವು. ತೀರಾ ಹಿಗ್ಗಿಸಿದರೆ ಅದು ಕೆರಳುತ್ತದೆ. ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ವಸ್ತುಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಮೆದುಳಿನ ಬಾಗಿಲಿಗೂ ಹೋಗುತ್ತವೆ. ಮೊದಲು ಒಂದೊಂದು ಉಸಿರಿಗೂ ದಂಡಿಯಾಗಿ ಗಾಳಿ ತುಂಬುತ್ತಿದ್ದೆವು. 2000ನೇ ಇಸವಿಯಲ್ಲಿ 861 ರೋಗಿಗಳ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲಿ ಕಿಲೋಗೆ 12 ಮಿಲಿಲೀಟರ್ ಬದಲು 6 ಮಿಲಿಲೀಟರ್ ಕೊಟ್ಟಾಗ ಸಾವು ಶೇ 40ರ ಆಸುಪಾಸಿನಿಂದ 31ಕ್ಕೆ ಇಳಿಯಿತು. ಅಲ್ಲಿಂದ ಎಲ್ಲ ಕಡೆ ಸಣ್ಣ ಉಸಿರಿನ ಪದ್ಧತಿ ಬಂತು. ಅಂದ ಹಾಗೆ ಈ ಕಿಲೋ ಲೆಕ್ಕ ರೋಗಿಯ ಹೊಟ್ಟೆ ನೋಡಿ ಅಲ್ಲ, ಎತ್ತರ ನೋಡಿ. ಮೈ ತುಂಬಿಕೊಂಡರೂ ಶ್ವಾಸಕೋಶ ಬೆಳೆಯುವುದಿಲ್ಲವಲ್ಲ.

ಇಷ್ಟೆಲ್ಲ ಜೋಪಾನ ಮಾಡಿದರೂ ಯಂತ್ರದ ಉಸಿರು ಮೆದುಳಿಗೆ ಏನಾದರೂ ಮಾಡುತ್ತದಾ ಅನ್ನುವ ಪ್ರಶ್ನೆ ಉಳಿದೇ ಇದೆ. ಶ್ವಾಸಕೋಶದಿಂದ ಮೆದುಳಿಗೆ ವೇಗಸ್ ಅಂತ ಒಂದು ನರ ಹೋಗುತ್ತದೆ. ಎದೆ ಎಷ್ಟು ಹಿಗ್ಗಿತು, ಎಷ್ಟು ಕುಗ್ಗಿತು ಅನ್ನುವ ವರದಿ ಕ್ಷಣಕ್ಷಣಕ್ಕೂ ಅದರ ಮೇಲೆ ಹೋಗುತ್ತಿರುತ್ತದೆ. ಸ್ಪೇನ್ ದೇಶದ ಒವಿಯೆಡೊ ನಗರದ ಸಂಶೋಧಕರು 2013ರಲ್ಲಿ ಇಲಿಗಳನ್ನು ವೆಂಟಿಲೇಟರ್ ಮೇಲಿಟ್ಟು ನೋಡಿದರು. ನೆನಪು ಕೂಡಿಡುವ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ಜೀವಕೋಶಗಳು ಸಾಯುತ್ತಿದ್ದವು. ವೇಗಸ್ ನರ ಕತ್ತರಿಸಿದಾಗ ಆ ಹಾನಿ ತಗ್ಗಿತು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ತಂಡ ಹಂದಿಗಳಲ್ಲಿ ಇದೇ ಜಾಡು ಹಿಡಿಯಿತು. ಆರೋಗ್ಯವಾಗಿದ್ದ ಹಂದಿಗಳಿಗೆ 50 ಗಂಟೆ ಸಣ್ಣ ಉಸಿರಿನ ವೆಂಟಿಲೇಟರ್ ಕೊಟ್ಟರೂ ಹಿಪ್ಪೊಕ್ಯಾಂಪಸ್‌ನಲ್ಲಿ ಹಾನಿ ಕಂಡಿತು. ವಪೆಯ ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು, ಯಂತ್ರದ ಜೊತೆಗೆ ಹಂದಿಯ ಸ್ವಂತ ವಪೆಯೂ ಕೆಲಸ ಮಾಡುವಂತೆ ಮಾಡಿದಾಗ ಹಾನಿ ಕಡಿಮೆಯಿತ್ತು.

ನನಗೆ ಇದು ಬಹಳ ಕುತೂಹಲದ ವಿಷಯ. ಉಸಿರಾಟ ಬರೀ ಗಾಳಿಯ ಸಾಗಾಟವಲ್ಲ, ಮೆದುಳಿಗೆ ಹೋಗುವ ಮಾತು ಕೂಡ ಅಂತ ಇದರಿಂದ ಅನ್ನಿಸುತ್ತದೆ. ಆದರೆ ಹಂದಿಯ ಫಲಿತಾಂಶ ಹಿಡಿದುಕೊಂಡು ನಿಮ್ಮ ತಂದೆಯ ಮರೆವಿಗೆ ತೀರ್ಪು ಬರೆಯಲು ಆಗುವುದಿಲ್ಲ. ಮನುಷ್ಯರಲ್ಲಿ ವಪೆಯ ನರಕ್ಕೆ ಹೀಗೆ ವಿದ್ಯುತ್ ಕೊಟ್ಟರೆ ಮರೆವು ತಪ್ಪುತ್ತದೆ ಅಂತ ಇನ್ನೂ ರುಜುವಾತಾಗಿಲ್ಲ. ನಾಳೆ ಯಾರಾದರೂ ಈ ಹೆಸರಿನಲ್ಲಿ ದುಬಾರಿ ಚಿಕಿತ್ಸೆ ಮಾರಲು ಬಂದರೆ ನೆನಪಿರಲಿ.

ಈಗ ಜೇಬುಗಳ್ಳನ ಕಡೆ ಬರೋಣ. ನನ್ನ ಮಟ್ಟಿಗೆ ಅವನ ಹೆಸರು ಡೆಲಿರಿಯಂ. ನಮ್ಮಜ್ಜಿಯರು ‘ಜ್ವರ ನೆತ್ತಿಗೇರಿ ಸನ್ನಿ ಆಯ್ತು’ ಅನ್ನುತ್ತಿದ್ದರಲ್ಲ, ಆ ಸನ್ನಿ. ಮೇಲೆ ಹೇಳಿದ 821 ಜನರಲ್ಲಿ ಶೇ 74ರಷ್ಟು ಜನರಿಗೆ ಆಸ್ಪತ್ರೆಯಲ್ಲಿದ್ದಾಗ ಇದು ಬಂದಿತ್ತು. ಸನ್ನಿ ಎಷ್ಟು ದಿನ ಇತ್ತೋ ವರ್ಷದ ನಂತರದ ಅಂಕ ಅಷ್ಟು ಕೆಳಗಿತ್ತು. ನಾವು ಕೈಯಿಟ್ಟು ಬದಲಾಯಿಸಬಹುದಾದದ್ದು ಇಲ್ಲಿದೆ. ವೆಂಟಿಲೇಟರ್ ಬೇಕೋ ಬೇಡವೋ ಅನ್ನುವುದನ್ನು ಕಾಯಿಲೆ ತೀರ್ಮಾನಿಸುತ್ತದೆ. ಅದರ ಮೇಲಿದ್ದಾಗ ಮನುಷ್ಯನನ್ನು ಹೇಗೆ ಇಟ್ಟುಕೊಳ್ಳುತ್ತೇವೆ ಅನ್ನುವುದನ್ನು ನಾವು ತೀರ್ಮಾನಿಸುತ್ತೇವೆ.

ನನ್ನದೇ ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಗರದ ಒಂದು ಆಸ್ಪತ್ರೆಯಲ್ಲಿ, ರಾತ್ರಿ ಪಾಳಿ ನನ್ನದು. ವೆಂಟಿಲೇಟರ್ ಮೇಲಿದ್ದ ಒಬ್ಬ ತಾಯಿ ಸ್ವಲ್ಪ ಕೈಯಾಡಿಸಿದರೆ ಸಾಕು, ಮಿಡಜೋಲಮ್ ಅನ್ನುವ ಮಂಪರಿನ ಔಷಧಿ ಜಾಸ್ತಿ ಮಾಡುತ್ತಿದ್ದೆ. ಒದ್ದಾಡುವುದು ಬೇಡ, ನೆಮ್ಮದಿಯಾಗಿ ಮಲಗಲಿ ಅನ್ನುವ ಕರುಣೆ. ಟ್ಯೂಬ್ ಕಿತ್ತುಕೊಂಡಾರು ಅನ್ನುವ ಭಯವೂ ಇತ್ತು. ಹಿರಿಯರು ರೌಂಡ್ಸ್‌ಗೆ ಬಂದಾಗ ‘ಪೇಶೆಂಟ್ ಕಾಮ್’ ಅಂತ ಹೆಮ್ಮೆಯಿಂದ ಹೇಳಿದ್ದೆ. ಎಂಟು ದಿನ ಹಾಗೇ ಇಟ್ಟೆವು. ಔಷಧಿ ನಿಲ್ಲಿಸಿದ ಮೇಲೆ ಆಕೆ ಕಣ್ಣು ಬಿಡುವುದಕ್ಕೇ ಮೂರು ದಿನ ಬೇಕಾಯಿತು. ಕಣ್ಣು ಬಿಟ್ಟಾಗ ಸ್ವಂತ ಮಗನ ಗುರುತು ಸಿಗಲಿಲ್ಲ. ಅದು ನಿದ್ದೆ ಆಗಿರಲಿಲ್ಲ ಅಂತ ಆಮೇಲೆ ತಿಳಿಯಿತು. ಮಂಪರಿನಲ್ಲಿರುವ ಮೆದುಳು ನಿಜವಾದ ನಿದ್ದೆಯ ಕೆಲಸ ಮಾಡುವುದಿಲ್ಲ.

ಈ ಪದ್ಧತಿ ತಪ್ಪು ಅಂತ ತೋರಿಸುವ ಅಧ್ಯಯನ ಅದಾಗಲೇ ಬಂದಿತ್ತು. 2000ದಲ್ಲಿ ಶಿಕಾಗೋದ ಡಾಕ್ಟರುಗಳು 128 ರೋಗಿಗಳಲ್ಲಿ ಅರ್ಧ ಜನಕ್ಕೆ ದಿನಕ್ಕೊಮ್ಮೆ ಮಂಪರಿನ ಔಷಧಿ ನಿಲ್ಲಿಸಿ ಎಬ್ಬಿಸಿ ನೋಡಿದರು. ಅವರು ಸುಮಾರು ಐದು ದಿನಕ್ಕೆ ವೆಂಟಿಲೇಟರ್‌ನಿಂದ ಹೊರಬಂದರು. ಉಳಿದವರಿಗೆ ಏಳು ದಿನ ದಾಟಿತು. 2008ರಲ್ಲಿ 336 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ, ದಿನಾ ಎಬ್ಬಿಸಿ, ಎದ್ದವರನ್ನು ಸ್ವಂತವಾಗಿ ಉಸಿರಾಡಲು ಬಿಟ್ಟು ನೋಡಿದರು. ವರ್ಷದ ನಂತರ ಬದುಕಿದ್ದವರ ಸಂಖ್ಯೆ ಈ ಗುಂಪಿನಲ್ಲೇ ಜಾಸ್ತಿ. ಈಗ ನಾವು ನೋವಿಗೆ ಮೊದಲು ಔಷಧಿ ಕೊಡುತ್ತೇವೆ, ಮಂಪರಿಗೆ ಆಮೇಲೆ. ಮಿಡಜೋಲಮ್, ಲೊರಾಜೆಪಾಮ್ ಆದಷ್ಟು ದೂರ. ಪ್ರೊಪೊಫಾಲ್ ಅಥವಾ ಡೆಕ್ಸ್‌ಮೆಡಿಟೊಮಿಡಿನ್ ಕೊಟ್ಟರೂ, ಹೆಸರು ಕರೆದರೆ ಕಣ್ಣು ಬಿಡುವಷ್ಟು ಎಚ್ಚರ ಇರಬೇಕು. ಟ್ಯೂಬ್ ಇರುವಾಗಲೇ ಮಂಚದ ಅಂಚಿಗೆ ಕೂರಿಸುತ್ತೇವೆ. ಸನ್ನಿಯನ್ನೇ ವಾಸಿ ಮಾಡುವ ಇಂಜೆಕ್ಷನ್ ಇಲ್ಲವಾ ಅಂತ ಕೇಳುತ್ತಾರೆ. ಇಲ್ಲ. ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟರೂ ಔಷಧಿಯೇ ಇಲ್ಲದ ಖಾಲಿ ಇಂಜೆಕ್ಷನ್ ಕೊಟ್ಟರೂ ಸನ್ನಿಯ ದಿನಗಳು ಒಂದೇ ಅಂತ 2018ರಲ್ಲಿ ಗೊತ್ತಾಯಿತು.

ಸನ್ನಿ ಅಂದರೆ ಕಿರುಚಾಟ, ಕೈಕಾಲು ಬಡಿಯುವುದು ಅಂದುಕೊಂಡಿದ್ದರೆ, ಅದು ಅರ್ಧ ಮಾತ್ರ. ಇನ್ನೊಂದು ಬಗೆ ಸದ್ದಿಲ್ಲದ್ದು. ರೋಗಿ ಸೂರು ನೋಡುತ್ತಾ ಮಲಗಿರುತ್ತಾರೆ. ಮನೆಯವರು ಗಾಜಿನಾಚೆಯಿಂದ ‘ಪಾಪ, ಸಮಾಧಾನವಾಗಿದ್ದಾರೆ’ ಅನ್ನುತ್ತಾರೆ. ಒಳಗೆ ಏನು ನಡೆಯುತ್ತಿದೆಯೋ! ಇದನ್ನು ಕಂಡುಹಿಡಿಯಲು ಮಂಚದ ಪಕ್ಕ ನಿಂತು ಎರಡು ನಿಮಿಷದ ಪರೀಕ್ಷೆ ಮಾಡುತ್ತೇವೆ. ಅದರಲ್ಲಿ ಹೌದು-ಇಲ್ಲ ಅಂತ ತಲೆಯಾಡಿಸುವ ಕೆಲವು ಪ್ರಶ್ನೆಗಳಿವೆ. ಸಮುದ್ರದಲ್ಲಿ ಮೀನು ಇರುತ್ತಾ? ಕಲ್ಲು ನೀರಲ್ಲಿ ತೇಲುತ್ತಾ? ಪಕ್ಕದಲ್ಲಿ ನಿಂತ ಮಗಳು ‘ನಮ್ಮಪ್ಪ ಹೆಡ್‌ಮಾಸ್ಟರ್ ಆಗಿದ್ದವರು ಸಾರ್, ಇದೆಂಥ ಪ್ರಶ್ನೆ’ ಅಂತ ಬೇಜಾರು ಮಾಡಿಕೊಳ್ಳುವುದೂ ಉಂಟು. ಒಮ್ಮೆ ಟ್ಯೂಬ್ ತೆಗೆದ ಮರುದಿನ ಒಬ್ಬ ಅಜ್ಜನಿಗೆ ಕಲ್ಲಿನ ಪ್ರಶ್ನೆ ಕೇಳಿದೆ. ಅವರು ನನ್ನನ್ನೇ ದಿಟ್ಟಿಸಿ, ಒಡೆದ ದನಿಯಲ್ಲಿ, ‘ರಾಮನ ಹೆಸರು ಬರೆದ್ರೆ ತೇಲುತ್ತೆ’ ಅಂದರು. ಫಾರಂನಲ್ಲಿ ತಪ್ಪು ಅಂತ ಹಾಕುವುದೋ ಸರಿ ಅಂತಲೋ? ಸಿಸ್ಟರ್ ನಗು ತಡೆಯಲಾರದೆ ಆಚೆ ಹೋದರು. ನಾನು ಸರಿ ಅಂತಲೇ ಹಾಕಿದೆ.

ಇಲ್ಲೇ ಬೆಂಗಳೂರಿನ ಮಾತೊಂದು ಹೇಳಬೇಕು. ನಮ್ಮ ಐಸಿಯುಗಳಲ್ಲಿ ಜೀವ ಹಿಡಿದು ನಿಲ್ಲಿಸಿರುವ ನರ್ಸ್‌ಗಳಲ್ಲಿ ಬಹಳ ಜನ ಕೇರಳದವರು, ಈಶಾನ್ಯ ರಾಜ್ಯಗಳವರು. ಡಾಕ್ಟರುಗಳು ತಮ್ಮತಮ್ಮಲ್ಲಿ ಇಂಗ್ಲಿಷ್. ಹೌಸ್‌ಕೀಪಿಂಗ್‌ನವರು ಹಿಂದಿ. ಯಾರದ್ದೂ ತಪ್ಪಲ್ಲ, ಊರೇ ಹಾಗಿದೆ. ಆದರೆ ಕನ್ನಡ ಮಾತ್ರ ಬರುವ ಒಬ್ಬ ಹಿರಿಯರು ಕನ್ನಡಕ ಇಲ್ಲದೆ, ಶ್ರವಣಯಂತ್ರ ಇಲ್ಲದೆ, ಹಲ್ಲಿನ ಸೆಟ್ ಇಲ್ಲದೆ ಮಲಗಿದ್ದಾರೆ. ಕಿಟಕಿ ಇಲ್ಲ, ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಕೈಗಳನ್ನು ಮಂಚಕ್ಕೆ ಕಟ್ಟಿದೆ. ಸುತ್ತ ಕೇಳುವ ಒಂದು ಪದವೂ ಅರ್ಥವಾಗುವುದಿಲ್ಲ. ಹನ್ನೊಂದು ದಿನ ಹೀಗೆ. ಗಟ್ಟಿಮುಟ್ಟಾದ ಮನುಷ್ಯನಿಗೂ ತಲೆ ಕೆಡಲ್ವಾ?

ಅದಕ್ಕೇ ನಾನು ಮನೆಯವರನ್ನು ಒಳಗೆ ಬಿಡಿ ಅಂತ ಜಗಳ ಆಡುತ್ತೇನೆ. ಸಂಜೆ ಹತ್ತು ನಿಮಿಷ, ಒಬ್ಬರೇ ಒಬ್ಬರು, ಮೂಲೆಯಲ್ಲಿ ನಿಂತು ಅತ್ತು ಹೋಗುವುದು, ಇದರಿಂದ ಯಾರಿಗೂ ಉಪಯೋಗವಿಲ್ಲ. ಹತ್ತಿರ ಕೂತು ಮಾತಾಡಿ. ‘ಅಪ್ಪಾ, ಇವತ್ತು ಗುರುವಾರ. ನೀನು ಆಸ್ಪತ್ರೆಯಲ್ಲಿದ್ದೀಯ. ಬಾಯಲ್ಲಿ ಟ್ಯೂಬ್ ಇದೆ, ಅದಕ್ಕೇ ಮಾತು ಬರ್ತಿಲ್ಲ. ಇನ್ನೆರಡು ದಿನದಲ್ಲಿ ತೆಗೀತಾರೆ ಅಂದಿದ್ದಾರೆ. ಮನೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದೀವಿ.’ ಇಷ್ಟೇ. ಇದನ್ನೇ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಬರಲಾಗದಿದ್ದರೆ ಫೋನಿನಲ್ಲಿ ದನಿ ಮುದ್ರಿಸಿ ಕಳಿಸಿ ಅನ್ನುತ್ತೇನೆ, ಕಿವಿಯ ಹತ್ತಿರ ಹಾಕಿಸುತ್ತೇನೆ. ಕನ್ನಡಕ ತಂದುಕೊಡಿ. ಇಂಥದ್ದರಿಂದ ಎಲ್ಲರ ಸನ್ನಿಯೂ ತಪ್ಪುತ್ತದೆ ಅಂತ ಹೇಳಲಾರೆ. ಆದರೆ ಇದು ಸೆಂಟಿಮೆಂಟ್ ಅಲ್ಲ, ಚಿಕಿತ್ಸೆಯ ಭಾಗ. ಈಗಿನ ಐಸಿಯು ಮಾರ್ಗಸೂಚಿಗಳಲ್ಲೇ ಮನೆಯವರಿಗೆ ಜಾಗ ಇದೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವೂ ಇದೇ. ವೆಂಟಿಲೇಟರ್ ಬೇಡ ಅಂತ ಮೊದಲೇ ಪಣ ತೊಡಬೇಡಿ. ವಾಸಿಯಾಗುವ ಕಾಯಿಲೆಗೆ ಅದು ಸಮಯ ಕೊಡುತ್ತದೆ. ವಾಸಿಯಾಗದ ಕಾಯಿಲೆಯ ಕೊನೆಯ ಹಂತದಲ್ಲಿ ಬೇಡ ಅನ್ನುವುದು ಬೇರೆಯೇ ಚರ್ಚೆ, ಅದನ್ನು ಡಾಕ್ಟರ ಜೊತೆ ಕೂತು ಮಾಡಬೇಕು. ಹಾಕಿಸಿದ ಮೇಲೆ ದಿನಾ ಕೇಳಿ: ಇವತ್ತು ಮಂಪರಿನ ಔಷಧಿ ನಿಲ್ಲಿಸಿ ಎಬ್ಬಿಸಿ ನೋಡಿದ್ರಾ? ಸನ್ನಿ ಪರೀಕ್ಷೆ ಮಾಡಿದ್ರಾ? ಕೂರಿಸಿದ್ರಾ? ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಸಿಡುಕುವುದಿಲ್ಲ.

ಇನ್ನು ನಿಮ್ಮ ತಂದೆಯವರ ಬಸ್ಸು. ಅದು ಸುಳ್ಳಲ್ಲ, ಕಥೆ ಕಟ್ಟುತ್ತಿರುವುದೂ ಅಲ್ಲ. ಐಸಿಯು ಹಾಸಿಗೆಯ ಗಾಳಿ ತಾನಾಗಿ ತುಂಬಿ ಇಳಿಯುತ್ತಿರುತ್ತದೆ, ಮೈ ಓಲಾಡಿದ ಹಾಗೆ. ಸ್ಕ್ಯಾನಿಂಗ್‌ಗೆ ಟ್ರಾಲಿಯಲ್ಲಿ ತಳ್ಳಿಕೊಂಡು ಹೋಗುವಾಗ ತಲೆಯ ಮೇಲೆ ದೀಪಗಳು ಒಂದೊಂದಾಗಿ ಸರಿಯುತ್ತವೆ. ಕೈ ಕಟ್ಟಿರುತ್ತದೆ. ಯಂತ್ರಗಳು ಪೀಪೀ ಅನ್ನುತ್ತವೆ. ಸನ್ನಿ ಹಿಡಿದ ಮೆದುಳು ಈ ಚೂರುಗಳನ್ನೆಲ್ಲ ಹೊಲಿದು ರಾತ್ರಿ ಬಸ್ಸು ಮಾಡಿಕೊಂಡಿದೆ. ನಿಜವಾಗಿ ನಡೆದದ್ದು ಮರೆತುಹೋಗಿ, ನಡೆಯದ್ದು ಅಚ್ಚೊತ್ತಿ ನಿಲ್ಲುವುದು ಐಸಿಯು ನೆನಪುಗಳ ವಿಚಿತ್ರ. ‘ಅದೆಲ್ಲ ಭ್ರಮೆ, ಬಿಡಿ’ ಅಂತ ವಾದಕ್ಕೆ ಇಳಿಯಬೇಡಿ. ಪೂರ್ತಿ ಕೇಳಿ. ಆಮೇಲೆ ನಡೆದದ್ದನ್ನು ದಿನಾಂಕದ ಪ್ರಕಾರ ಹೇಳಿ: ಸೋಮವಾರ ಸೇರಿಸಿದ್ದು, ಬುಧವಾರ ಸ್ಕ್ಯಾನ್, ಅವತ್ತು ಕೈ ಕಟ್ಟಿದ್ದರು ಯಾಕೆಂದರೆ ಟ್ಯೂಬ್ ಎಳೆಯುತ್ತಿದ್ದಿರಿ. ಡಿಸ್ಚಾರ್ಜ್ ಸಾರಾಂಶ, ಫೋನಿನ ಫೋಟೊ ಜೊತೆಗಿಟ್ಟುಕೊಳ್ಳಿ. ಯುರೋಪಿನ ಕೆಲವು ಐಸಿಯುಗಳಲ್ಲಿ ನರ್ಸ್‌ಗಳು ಮತ್ತು ಮನೆಯವರು ರೋಗಿಗಾಗಿ ದಿನಚರಿ ಬರೆದಿಡುತ್ತಾರೆ, ಇದೇ ಉದ್ದೇಶಕ್ಕೆ. ಬಸ್ಸಿನ ಕನಸು ರಾತ್ರಿ ಎಬ್ಬಿಸುತ್ತಿದ್ದರೆ, ಆಸ್ಪತ್ರೆ ಅಂದರೆ ನಡುಗುತ್ತಿದ್ದರೆ, ಸುಮ್ಮನೆ ಕೂತು ಕಣ್ಣೀರು ಹಾಕುತ್ತಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮರೆವಿನ ವಿಷಯಕ್ಕೆ ಈಗ ಮಾಡಬೇಕಾದ್ದು. ಎಲ್ಲವನ್ನೂ ಐಸಿಯು ತಲೆಗೆ ಕಟ್ಟುವ ಮೊದಲು ಸುಲಭದ ಕಾರಣಗಳನ್ನು ಹುಡುಕಿ. ಬಿ12, ಥೈರಾಯ್ಡ್, ಸೋಡಿಯಂ, ಶುಗರ್ ನೋಡಿಸಿ. ಸಸ್ಯಾಹಾರಿಗಳಾದರೆ ಬಿ12 ಅಂತೂ ತಪ್ಪಿಸಲೇಬೇಡಿ. ಕಿವಿ ಸರಿಯಾಗಿ ಕೇಳುತ್ತಿದೆಯಾ ಅಂತ ನೋಡಿ, ಕೇಳಿಸದವರೂ ಮರೆತವರ ಹಾಗೇ ಕಾಣುತ್ತಾರೆ. ಆಸ್ಪತ್ರೆಯಿಂದ ತಂದ ಮಾತ್ರೆಗಳ ಡಬ್ಬಿಯನ್ನು ಪೂರ್ತಿ ತಂದು ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಐಸಿಯುನಲ್ಲಿ ರಾತ್ರಿ ನಿದ್ದೆಗೆ ಅಂತ ಶುರು ಮಾಡಿದ ಮಾತ್ರೆ ನಾಲ್ಕು ತಿಂಗಳಾದರೂ ನಿಂತಿರುವುದಿಲ್ಲ, ಯಾಕೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಇಂಥದ್ದು ನಾನು ವಾರಕ್ಕೊಂದಾದರೂ ನೋಡುತ್ತೇನೆ. ನೀವಾಗಿ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ. ಮೆಡಿಕಲ್ ಶಾಪ್‌ನ ‘ಬ್ರೈನ್ ಟಾನಿಕ್’ಗೆ ದುಡ್ಡು ಹಾಕಬೇಡಿ.

ನೆನಪು, ಗಮನ, ಯೋಜನೆ ಇದರಲ್ಲಿ ಯಾವುದು ಎಷ್ಟು ಸೋತಿದೆ ಅಂತ ಒಮ್ಮೆ ಅಳೆಸಿ. ಐಸಿಎಂಆರ್ ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನ್ಯೂರೊಸೈಕಾಲಜಿ ಪರೀಕ್ಷೆ ಮಾಡುವವರಿದ್ದಾರೆ. ಎಂಆರ್‌ಐ ಎಲ್ಲರಿಗೂ ಬೇಕಿಲ್ಲ, ಅದನ್ನು ನೋಡಿದವರು ಹೇಳಲಿ. ಆದರೆ ಮಾತು ತಟ್ಟನೆ ತೊದಲಿದರೆ, ಒಂದು ಕೈ ಸೋತರೆ, ಒಂದೇ ದಿನದಲ್ಲಿ ಗೊಂದಲ ಹೆಚ್ಚಿದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ತುರ್ತು ವಿಭಾಗಕ್ಕೆ ಹೋಗಿ.

ದಿನಾ ನಡೆಸಿ. ಹಗಲು ನಿದ್ದೆ ಕಡಿಮೆ ಮಾಡಿ, ರಾತ್ರಿ ಟಿವಿ ಬೇಗ ಆರಿಸಿ. ಸ್ಕೂಟರ್ ಕೀ ಸದ್ಯಕ್ಕೆ ನಿಮ್ಮ ಹತ್ತಿರ ಇರಲಿ. ಯುಪಿಐ ಪಿನ್ ಕೂಡ. ‘ಬ್ಯಾಂಕಿನಿಂದ ಮಾತಾಡ್ತಿದ್ದೀವಿ’ ಅನ್ನುವವರಿಗೆ ಇಂಥ ಹಿರಿಯರೇ ಸುಲಭದ ತುತ್ತು. ಇದನ್ನು ಎಲ್ಲರ ಮುಂದೆ ಮಾಡಬೇಡಿ. ಮೂವತ್ತು ವರ್ಷ ಇನ್ನೊಬ್ಬರ ದುಡ್ಡಿನ ಲೆಕ್ಕ ಇಟ್ಟವರಿಗೆ ಅದು ನುಂಗಲಾರದ ಅವಮಾನ.

ಸರಿಹೋಗುತ್ತದಾ ಅಂದಿರಿ. ನಾಲ್ಕು ತಿಂಗಳು ಇನ್ನೂ ಎಳೆಯ ಕಾಲ. ಮೊದಲ ವರ್ಷದಲ್ಲಿ ಸುಧಾರಿಸುವವರು ಇದ್ದಾರೆ, ಆ ಶೇ 40 ವರ್ಷದ ಹೊತ್ತಿಗೆ 34 ಆಗಿದ್ದು ನೋಡಿದಿರಲ್ಲ. ಆ ಇಳಿಕೆ ದೊಡ್ಡದಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಕೆಲವರಿಗೆ ಸ್ವಲ್ಪ ಮಂಕು ಉಳಿದೇಬಿಡುತ್ತದೆ. ನಿಮ್ಮ ತಂದೆ ಯಾವ ಕಡೆ ಅಂತ ಒಂದು ಭೇಟಿಯಲ್ಲಿ ಹೇಳಲಾಗುವುದಿಲ್ಲ, ತಿಂಗಳಿಂದ ತಿಂಗಳಿಗೆ ನೋಡಬೇಕು.

ಅದಕ್ಕೊಂದು ಉಪಾಯ ನಿಮ್ಮ ಮನೆಯಲ್ಲೇ ಇದೆ. ಹಾಲಿನ ಲೆಕ್ಕವನ್ನು ಅವರಿಂದ ಕಿತ್ತುಕೊಳ್ಳಬೇಡಿ. ಗೋಡೆಯ ಕ್ಯಾಲೆಂಡರ್ ಮೇಲೆ ಅವರೇ ಬರೆಯಲಿ, ಎಷ್ಟು ಪ್ಯಾಕೆಟ್, ಎಷ್ಟು ದುಡ್ಡು. ತಪ್ಪಿದರೂ ತಿದ್ದಬೇಡಿ. ನೀವು ಇನ್ನೊಂದು ಕ್ಯಾಲೆಂಡರ್‌ನಲ್ಲಿ ಸರಿಯಾದದ್ದು ಬರೆದಿಡಿ. ಡಾಕ್ಟರ ಹತ್ತಿರ ಹೋಗುವಾಗ ಎರಡೂ ತೆಗೆದುಕೊಂಡು ಹೋಗಿ.